ಇನ್‌ಚಾರ್ಜ್ ಆದೆ, ಮಾತು ಯಾರೂ ಕೇಳಲ್ಲ

ಪ್ರಶ್ನೆ: ಮೇಡಂ, ಸ್ಟಾಫ್ ನರ್ಸ್ ಆಗಿದ್ದ ನನ್ನನ್ನ ಈಗ ವಾರ್ಡ್ ಇನ್‌ಚಾರ್ಜ್ ಮಾಡಿದಾರೆ. ಸೀನಿಯರ್ ಸಿಸ್ಟರ್‌ಗಳಿಗೆ ಏನಾದ್ರೂ ಹೇಳಿದ್ರೆ "ಆಯ್ತು ಮಾಡೋಣ" ಅಂತಾರೆ, ಅಷ್ಟೇ, ಕೊನೆಗೆ ನಾನೇ ಮಾಡ್ಕೋತೀನಿ. ರಾತ್ರಿ ಡಾಕ್ಟರ್‌ಗೆ ಫೋನ್ ಮಾಡೋಕೂ ಭಯ. ಲೀಡರ್‌ಶಿಪ್ ಹುಟ್ಟಿನಿಂದ್ಲೇ ಬರ್ಬೇಕಾ, ಇಲ್ಲ ಕೋರ್ಸ್ ಏನಾದ್ರೂ ಮಾಡ್ಲಾ?

ಉತ್ತರ: ಹುಟ್ಟಿನಿಂದ ಬರೋದು ಜೋರು ದನಿ ಮಾತ್ರ ಕಣಮ್ಮ, ಅದ್ರಿಂದ ವಾರ್ಡ್ ನಡೆಯಲ್ಲ. ಕೋರ್ಸ್ ಮಾಡಿ, ಬೇಡ ಅನ್ನಲ್ಲ, ಆದ್ರೆ ಅದಕ್ಕೂ ಮುಂಚೆ ನೀವು ಕೆಲಸ ಹೇಳೋ ರೀತಿ ನೋಡ್ಕೊಳ್ಳಿ. "ಸಿಸ್ಟರ್, ಆ ಪೇಷಂಟ್‌ನ ಸ್ವಲ್ಪ ನೋಡ್ಕೊಳ್ಳಿ" ಅಂದ್ರೆ ಯಾರಿಗೂ ಏನೂ ಹೇಳಿದಂಗಾಗಲ್ಲ. "6ನೇ ಬೆಡ್‌ಗೆ 4 ಗಂಟೆಗೆ ಬಿಪಿ ನೋಡಿ, ಮೇಲಿನದು 100ಕ್ಕಿಂತ ಕಡಿಮೆ ಬಂದ್ರೆ ಆಗ್ಲೇ ನನಗೆ ಹೇಳಿ" ಅನ್ನಿ, ಅವ್ರ ಬಾಯಲ್ಲೇ ಒಂದ್ಸಲ ವಾಪಸ್ ಹೇಳಿಸಿ, ನಾಲ್ಕೂಕಾಲಿಗೆ ಹೋಗಿ ಕೇಳಿ. ಕೆಲಸ ಬೇರೆಯವ್ರಿಗೆ ಕೊಟ್ರೂ ಅದು ಆಯ್ತಾ ಅಂತ ನೋಡೋ ಹೊಣೆ ನಿಮ್ಮದೇ. ಆದ್ರೆ ಅವ್ರು ಮಾಡ್ಲಿಲ್ಲ ಅಂತ ನೀವೇ ಮಾಡಿ ಮುಗಿಸ್ತಾ ಹೋದ್ರೆ ನಾಳೆ ಯಾಕೆ ಮಾಡ್ತಾರೆ ಹೇಳಿ? ತಪ್ಪಿದ್ರೆ ಒಬ್ರನ್ನೇ ಪಕ್ಕಕ್ಕೆ ಕರ್ದು ಕೇಳಿ, ಪೇಷಂಟ್ ಕಡೆಯವ್ರ ಮುಂದೆ ಬೇಡ್ವೇ ಬೇಡ.

ಇನ್ನು ಫೋನ್ ಭಯ. ಇದಕ್ಕೆ ಎಸ್‌ಬಿಎಆರ್ ಅಂತ ಒಂದು ಪದ್ಧತಿ ಇದೆ, ಅಮೆರಿಕದ ನೌಕಾಪಡೆ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದಿದ್ದು. ಈಗ ಏನಾಗ್ತಿದೆ (ಸಿಚುಯೇಶನ್), ಹಿಂದೆ ಏನಾಗಿತ್ತು (ಬ್ಯಾಕ್‌ಗ್ರೌಂಡ್), ನಿಮಗೆ ಏನನ್ಸುತ್ತೆ (ಅಸೆಸ್‌ಮೆಂಟ್), ಡಾಕ್ಟರ್ ಏನ್ ಮಾಡ್ಬೇಕು (ರೆಕಮೆಂಡೇಶನ್), ಈ ನಾಲ್ಕೇ. "ಸರ್, 9ನೇ ಬೆಡ್, ಬಿಪಿ 84/50, ಪಲ್ಸ್ 124. ಬೆಳಿಗ್ಗೆ ಹೊಟ್ಟೆ ಆಪರೇಷನ್ ಆಗಿದೆ, ಡ್ರೈನ್‌ನಲ್ಲಿ ಒಂದು ಗಂಟೇಲಿ 300 ಎಂಎಲ್ ರಕ್ತ ಬಂದಿದೆ. ಒಳಗೆ ಬ್ಲೀಡ್ ಆಗ್ತಿದೆ ಅನ್ಸುತ್ತೆ, ನೀವು ಈಗ್ಲೇ ಬಂದು ನೋಡ್ಬೇಕು." (ಡ್ರೈನ್ ಅಂದ್ರೆ ಆಪರೇಷನ್ ಆದ ಜಾಗದಿಂದ ರಕ್ತ, ನೀರು ಹೊರಗೆ ತರೋ ಟ್ಯೂಬ್.) ಕೊನೇ ಎರಡು ಮಾತು ನುಂಗ್ಕೊಳ್ಳೋ ನರ್ಸ್‌ಗಳೇ ಜಾಸ್ತಿ, "ನಾನ್ಯಾರು ಹೇಳೋಕೆ" ಅಂತ. ಪೇಷಂಟ್ ಪಕ್ಕದಲ್ಲಿ ನಿಂತಿರೋರು ನೀವು, ನೀವಲ್ದೆ ಇನ್ಯಾರು ಹೇಳ್ಬೇಕು? ಕೇಸ್ ಶೀಟ್ ಕೈಯಲ್ಲಿ ಇಟ್ಕೊಂಡೇ ಫೋನ್ ಮಾಡಿ. ಅವ್ರು ಬರ್ಲಿಲ್ಲ ಅಂದ್ರೆ ಮೇಲಿನವ್ರಿಗೆ ಮಾಡಿ, ಎಷ್ಟು ಗಂಟೆಗೆ ಯಾರಿಗೆ ಹೇಳಿದ್ರಿ ಅಂತ ನರ್ಸಸ್ ನೋಟ್‌ನಲ್ಲಿ ಬರೀರಿ.

ಬರೆಯೋದು ಅಂದ್ಮೇಲೆ ಫ್ಲಾರೆನ್ಸ್ ನೈಟಿಂಗೇಲ್ ನೆನಪಾದ್ರು. ಎಲ್ಲಾ ಕಡೆ ದೀಪ ಹಿಡ್ಕೊಂಡಿರೋ ಫೋಟೋನೇ, ನನಗಂತೂ ಅದು ನೋಡಿ ನೋಡಿ ಬೇಜಾರು. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ತಡೆಯಬಹುದಾದ ಕಾಯಿಲೆಗಳಿಂದ ಸತ್ತ ಸೈನಿಕರೇ ಹೆಚ್ಚು ಅಂತ 1858ರಲ್ಲಿ ಅಂಕಿಅಂಶದ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದ್ದು ಅವರ ನಿಜವಾದ ಲೀಡರ್‌ಶಿಪ್. ನೀವೂ "ಸ್ಟಾಫ್ ಸಾಲ್ದು" ಅಂತ ಬರೀ ಗೋಳಾಡಿದ್ರೆ ಮ್ಯಾನೇಜ್‌ಮೆಂಟ್ ಕೇಳಲ್ಲ. ಈ ತಿಂಗಳು ಬೆಡ್‌ಸೋರ್ (ಮಲಗಿ ಮಲಗಿ ಆಗೋ ಹುಣ್ಣು) ಎಷ್ಟು, ಎಷ್ಟು ಪೇಷಂಟ್‌ಗಳು ಬಿದ್ರು, ಅವತ್ತು ಶಿಫ್ಟ್‌ನಲ್ಲಿ ಎಷ್ಟು ಜನ ಇದ್ರಿ, ಇಷ್ಟು ಬರ್ದಿಟ್ಕೊಂಡು ಹೋಗಿ.

ಡ್ಯೂಟಿ ಲಿಸ್ಟ್ ಹಾಕೋವಾಗ ನೈಟ್ ಡ್ಯೂಟಿ, ಹಬ್ಬದ ರಜೆ ಸಮವಾಗಿ ಹಂಚಿ, ಇನ್‌ಚಾರ್ಜ್‌ಗೂ ನೈಟ್ ಇರೋ ಆಸ್ಪತ್ರೆ ಆದ್ರೆ ನಿಮ್ಮ ಪಾಲಿಂದೂ ಬಿಡ್ಬೇಡಿ. ಸೀನಿಯರ್‌ಗಳು ಮೊದ್ಲು ನೋಡೋದೇ ಆ ಲಿಸ್ಟ್‌ನಲ್ಲಿ ನಿಮ್ಮ ಹೆಸರು ಎಲ್ಲಿದೆ ಅಂತ.