ಶನಿವಾರ ಆ ಕೊಟ್ಟಿಗೆಗೆ ಹೋಗು

ತಮ್ಮಾ,

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟೇ ಬರೀತೀನಿ. ಮಿಶಿಗನ್‌ಗೆ ಬಂದು ಒಂದು ಚಳಿಗಾಲ ಕಳೆದಿದ್ದೀಯ. ಆಫೀಸು, ಬಾಡಿಗೆ ಮನೆ, ಇಂಡಿಯನ್ ಅಂಗಡಿ, ಇಷ್ಟು ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ ಅಂದಿದ್ದೀಯ. ಈಗ ನಿನ್ನ ಮನೆ ಮಾಲೀಕರು ಲಪೀರ್ ಹತ್ತಿರದ ತಮ್ಮ ಅಪ್ಪನ ಹೊಲದ ಕೊಟ್ಟಿಗೆಯಲ್ಲಿ ದಶಕಗಳಿಂದ ನಿಂತಿರುವ 1967ರ ಪಾಂಟಿಯಾಕ್ ಜಿಟಿಒ ಕಾರನ್ನು ಹೊರಗೆ ತೆಗೆದು ಸರಿಮಾಡಬೇಕು, ಶನಿವಾರ ಬರ್ತೀಯಾ ಅಂತ ಕೇಳಿದ್ದಾರೆ. ಅದು ಬರೀ ಬಾಯಿಮಾತಿನ ಕರೆಯೋ, ಹೋದರೆ ವೀಸಾಗೆ ತೊಂದರೆಯೋ, ಅಷ್ಟು ಹಳೇ ಕಾರು ಮತ್ತೆ ಓಡುತ್ತೋ ಅಂತ ಕೇಳಿ, ಕೊನೆಗೆ "ಇಲ್ಲಿ ನಮ್ಮವರು ಅಂತ ಯಾರಾದರೂ ಆಗ್ತಾರಾ ಅಕ್ಕಾ?" ಅಂದಿದ್ದೀಯ.

ಹೋಗು. ಮೊದಲು ಅದನ್ನು ಹೇಳಿಬಿಡ್ತೀನಿ.

"ಯಾವಾಗಾದರೂ ಸಿಗೋಣ" ಅಂತ ಇಲ್ಲಿ ಎಲ್ಲರೂ ಅಂತಾರೆ, ಅದು ನಮಸ್ಕಾರ ಇದ್ದ ಹಾಗೆ. ಆದರೆ ದಿನ, ಹೊತ್ತು, ಜಾಗ ಹೇಳಿ ಕರೆದರೆ ಅದು ನಿಜವಾದ ಕರೆ. ಅಪ್ಪನ ಕೊಟ್ಟಿಗೆಯ ಬಾಗಿಲು ತೆಗೀತೀನಿ ಬಾ ಅನ್ನುವವರು ಸುಮ್ಮನೆ ಕರೆಯುವುದಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗು. ಐದು ನಿಮಿಷ ತಡವಾಗುವ ಹಾಗಿದ್ದರೂ ಮೆಸೇಜ್ ಹಾಕು. ಮತ್ತೆ "ಮಾರಿದರೆ ಎಷ್ಟು ಬರುತ್ತೆ?" ಅಂತ ಮಾತ್ರ ಕೇಳಬೇಡ. ನಮ್ಮಲ್ಲಿ ಅದು ಸಹಜವಾದ ಪ್ರಶ್ನೆ, ಇಲ್ಲಿ ಈ ಸಂದರ್ಭದಲ್ಲಿ ನೋಯಿಸುವ ಪ್ರಶ್ನೆ.

ಆ ಕಾರು ಅವರಿಗೆ ಏನು ಅನ್ನೋದು ಗೊತ್ತಿದ್ದರೆ ಕೆಲಸದ ರೀತಿಯೇ ಬೇರೆಯಾಗುತ್ತೆ. ಜಿಟಿಒ ಹುಟ್ಟಿದ್ದೇ ಕಂಪನಿಯ ನಿಯಮದ ಕಣ್ಣು ತಪ್ಪಿಸಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಪಾಂಟಿಯಾಕ್‌ನ ಒಡೆಯ ಕಂಪನಿ ಜನರಲ್ ಮೋಟರ್ಸ್ ಕಟ್ಟುಮಾಡಿತ್ತು. ಪಾಂಟಿಯಾಕ್‌ನ ಎಂಜಿನಿಯರುಗಳಾದ ಜಾನ್ ಡಿಲೋರಿಯನ್, ಬಿಲ್ ಕಾಲಿನ್ಸ್, ರಸ್ ಗೀ ಸೇರಿ 1964ರ ಟೆಂಪೆಸ್ಟ್ ಲೆಮಾನ್ಸ್ ಅನ್ನೋ ಮಧ್ಯಮ ಗಾತ್ರದ ಕಾರಿಗೆ 389 ಘನ ಅಂಗುಲದ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿ, ಇದು ಹೊಸ ಮಾಡೆಲ್ ಅಲ್ಲ, ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್ ಅಷ್ಟೇ ಅಂತ ತೋರಿಸಿದರು. 1967ಕ್ಕೆ ಅದು 400 ಘನ ಅಂಗುಲವಾಯಿತು, ಸಾಮಾನ್ಯ ಜಿಟಿಒಗೇ 335 ಅಶ್ವಶಕ್ತಿ. ಆ ವರ್ಷದ ಕಾರುಗಳಲ್ಲಿ ಒಂದಷ್ಟನ್ನು ಜೋಡಿಸಿದ್ದು ನೀನು ದಿನಾ ದಾಟಿ ಹೋಗುವ ಪಾಂಟಿಯಾಕ್ ಊರಿನಲ್ಲೇ. ಮಾಲೀಕರ ಅಪ್ಪ ಆ ಪ್ಲಾಂಟಿನಲ್ಲೇ ದುಡಿದವರು ಅಂತ ಬರೆದಿದ್ದೀಯಲ್ಲ, ಹಾಗಾದರೆ ತಾನು ಬೋಲ್ಟು ಬಿಗಿದ ಸಾಲಿನಿಂದಲೇ ಇಳಿದ ಕಾರನ್ನು ಸಂಬಳದ ದುಡ್ಡಲ್ಲಿ ಕೊಂಡಿರಬಹುದು. ಪಾಂಟಿಯಾಕ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂತ ಕಂಪನಿ 2009ರಲ್ಲಿ ಹೇಳಿತು. ಊರಿಗೆ ಹೆಸರು ಉಳಿದಿದೆ, ಕಾರು ಬರುವುದು ನಿಂತಿದೆ.

ಇದು ನಿನಗೆ ಅರ್ಥವಾಗುವಷ್ಟು ಚೆನ್ನಾಗಿ ನಿನ್ನ ಆಫೀಸಿನ ಬಹಳ ಜನಕ್ಕೆ ಅರ್ಥವಾಗಲಾರದು. ನಿಮ್ಮ ತಾತ ಮೈಸೂರಿನ ಐಡಿಯಲ್ ಜಾವಾದಲ್ಲಿ ಇದ್ದವರು ಅಂತೀಯ. 1961ರಲ್ಲಿ ಬೈಕ್ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ. ಮನೆಯಲ್ಲಿ ಇನ್ನೂ ಅವರ ಯೆಜ್ಡಿ ಇದೆಯಂತೆ. ಮೊದಲ ಶನಿವಾರವೇ ಅದರ ಫೋಟೋ ತೋರಿಸು. ಒಂದೇ ಲಿವರ್ ಕಿಕ್ಕರೂ ಹೌದು ಗೇರೂ ಹೌದು ಅಂತ ವಿವರಿಸಿ ನೋಡು, ಮಧ್ಯಾಹ್ನದವರೆಗೂ ಮಾತು ನಿಲ್ಲುವುದಿಲ್ಲ.

ಈಗ ಕಾರಿನ ವಿಷಯ. ನಾನು ಹೇಳುವುದರಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ: ಏನು ಬಿಚ್ಚಬೇಕು ಅನ್ನುವ ಮೊದಲು ಏನು ಉಳಿಯಬೇಕು ಅಂತ ಅವರನ್ನು ಕೇಳು.

ನಮ್ಮ ಪಕ್ಕದ ಮನೆಯಾಕೆಯ ಅಮ್ಮನ 1970ರ ಪ್ಲಿಮತ್ ಡಸ್ಟರ್ 340 ಹೀಗೇ ಸಿಕ್ಕಿದ್ದು, ಅಣ್ಣನ ಕೊಟ್ಟಿಗೆಯಲ್ಲಿ, ಹುಲ್ಲಿನ ಪಿಂಡಿಗಳ ಹಿಂದೆ. ಅಮ್ಮ ನರ್ಸ್ ಆಗಿದ್ದವರು, ರಾತ್ರಿ ಪಾಳಿಗೆ ಆ ಕಾರಲ್ಲೇ ಹೋಗುತ್ತಿದ್ದರಂತೆ. ನಾನು, ನಮ್ಮ ಯಜಮಾನರು ಸಂಜೆ ಹೊತ್ತು ಹೋಗಿ ಬಿಚ್ಚಲು ಸಹಾಯ ಮಾಡ್ತಿದ್ದೆವು. ಗ್ಲೋವ್ ಬಾಕ್ಸ್ ತೆಗೆದರೆ ಒಂದು ಪುಟ್ಟ ನೋಟ್‌ಬುಕ್. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ತಾರೀಖು, ಎಷ್ಟು ಗ್ಯಾಲನ್, ಮೀಟರ್ ಎಷ್ಟು ತೋರಿಸ್ತಿತ್ತು ಅಂತ ಪೆನ್ಸಿಲ್‌ನಲ್ಲಿ ನೀಟಾಗಿ ಬರೆದಿದ್ದರು. ಇಲಿ ಒಂದು ಮೂಲೆ ತಿಂದಿತ್ತು, ಅಕ್ಷರ ಮಾತ್ರ ಉಳಿದಿತ್ತು. ಪೇಂಟ್ ಅಂಗಡಿಯವರು ಇಡೀ ಬಾಡಿ ಕೆರೆದು ಹೊಸ ಬಣ್ಣ ಹೊಡೆಯೋಣ ಅಂದರು. ಆಕೆ ಡ್ರೈವರ್ ಬಾಗಿಲನ್ನು ಮುಟ್ಟಲು ಬಿಡಲಿಲ್ಲ. ಬಾಗಿಲಿನ ಮೇಲಂಚಿನಲ್ಲಿ, ಕಿಟಕಿ ಇಳಿಸಿ ಮೊಣಕೈ ಊರುತ್ತಿದ್ದ ಕಡೆ ಬಣ್ಣ ಸವೆದು ಹೊಳಪು ಹೋಗಿತ್ತು. ಅದು ಹಾಗೇ ಇರಲಿ ಅಂದರು, ಹಾಗೇ ಇದೆ. ನನಗೆ ಆ ಕಾರಿನಲ್ಲಿ ಅತ್ಯಂತ ಚೆಂದ ಕಾಣುವುದು ಆ ಬಾಗಿಲೇ. ಹೊಸದಾಗಿ ಮಿರುಗುವ ಡಸ್ಟರ್ ಬೇಕಿದ್ದರೆ ದುಡ್ಡು ಕೊಟ್ಟು ತರಬಹುದು. ಅಮ್ಮನ ಮೊಣಕೈ ಗುರುತು ಎಲ್ಲಿಂದ ತರುವುದು?

ಆದ್ದರಿಂದ ಹೋದ ತಕ್ಷಣ ಗುಡಿಸಬೇಡ, ಒರೆಸಬೇಡ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗಿ. ಸೀಟಿನ ಕೆಳಗೆ, ಸ್ಪ್ರಿಂಗುಗಳ ನಡುವೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕಾರ್ಖಾನೆಯ ಬಿಲ್ಡ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಹಾಳೆ, ಸಿಕ್ಕಿಕೊಂಡಿರುವುದುಂಟು. ಇಲಿಗೂಡು ಅಂತ ಬಾಚಿ ಎಸೆದುಬಿಟ್ಟರೆ ಅದೂ ಹೋಯಿತು. ಆದರೆ ಇಲಿಯ ಹಿಕ್ಕೆಯನ್ನು ಹಗುರವಾಗಿ ತಗೋಬೇಡ. ಇಲ್ಲಿನ ಹೊಲದ ಇಲಿಗಳಿಂದ ಹ್ಯಾಂಟಾವೈರಸ್ ಅನ್ನೋ ಅಪಾಯದ ಸೋಂಕು ಬರಬಹುದು. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಸಿ, ಐದು ನಿಮಿಷ ಬಿಟ್ಟು ಆಮೇಲೆ ಒರೆಸಿ ತೆಗಿ. ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಲೇಬಾರದು. ಹಾಗೇ ಬ್ರೇಕ್ ಡ್ರಮ್ ಬಿಚ್ಚಿದಾಗ ಗಾಳಿ ಹೊಡೆದು ಧೂಳು ಹಾರಿಸಬೇಡ, ಆ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತೆ.

ನಂಬರ್ ನೋಡುವುದು ಹೇಗೆ ಅಂದರೆ, 1967ರಲ್ಲಿ ವಿನ್, ಅಂದರೆ ಕಾರಿನ ಗುರುತಿನ ಸಂಖ್ಯೆಯ ಪ್ಲೇಟು ಡ್ರೈವರ್ ಬಾಗಿಲಿನ ಕೀಲು ಇರುವ ಕಂಬದ ಮೇಲಿದೆ. ಮೊದಲ ಮೂರು ಅಂಕಿ 242 ಇದ್ದರೆ ಅದು ಹುಟ್ಟಾ ಜಿಟಿಒ, ಆಮೇಲೆ ಬ್ಯಾಡ್ಜು ಅಂಟಿಸಿದ ಲೆಮಾನ್ಸ್ ಅಲ್ಲ. ವರ್ಷದ 7 ಆದ ಮೇಲೆ ಪಿ ಅಕ್ಷರ ಇದ್ದರೆ ಪಾಂಟಿಯಾಕ್ ಪ್ಲಾಂಟ್. ಆ ಪಿ ಕಂಡರೆ ಮಾಲೀಕರ ಮುಖ ನೋಡು. ಎಂಜಿನ್ನಿನ ಮುಂಭಾಗದಲ್ಲಿ, ಬಲಗಡೆ ಹೆಡ್ಡಿನ ಕೆಳಗೆ ಎರಡಕ್ಷರದ ಸಂಕೇತ ಕೊರೆದಿರುತ್ತೆ: ಡಬ್ಲ್ಯುಟಿ ಅಂದರೆ 335 ಅಶ್ವಶಕ್ತಿಯ ಎಂಜಿನ್, ಕೈಗೇರು. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಅನ್ನುವವರಿಗೆ ವಿನ್ ಬರೆದು ಶುಲ್ಕ ಕಟ್ಟಿದರೆ ಕಾರ್ಖಾನೆಯ ಮೂಲ ಬಿಲ್ಲಿನ ಪ್ರತಿ ಕಳಿಸ್ತಾರೆ. ಯಾವ ಬಣ್ಣ, ಯಾವ ಗೇರು, ಯಾವ ಡೀಲರಿಗೆ ಹೋಯಿತು, ಎಲ್ಲ ಅದರಲ್ಲಿ. ಅದು ಬರುವ ತನಕ ಒಂದು ಸಾಮಾನನ್ನೂ ಎಸೆಯಲು ಬಿಡಬೇಡ.

ಎಂಜಿನ್ ಓಡುತ್ತಾ ಅಂತ ಕೇಳಿದ್ದೀಯ. ಓಡುವ ಸಾಧ್ಯತೆ ಚೆನ್ನಾಗಿದೆ, ಆತುರಪಡದಿದ್ದರೆ. ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿ ನೋಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತೆ, ಅವರಿಗೂ ಬರುತ್ತೆ. ಗಟ್ಟಿಯಾಗಿ ಬೇಡ ಅನ್ನು. ಮೊದಲು ಪ್ಲಗ್ ಎಂಟೂ ಬಿಚ್ಚಿ, ಎಟಿಎಫ್ (ಆಟೋಮ್ಯಾಟಿಕ್ ಗೇರಿಗೆ ಹಾಕುವ ಎಣ್ಣೆ), ಅಸಿಟೋನ್ ಸಮಪಾಲು ಬೆರೆಸಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಹಾಕಿ, ಕೆಲವು ದಿನ ನೆನೆಯಲು ಬಿಡಬೇಕು. ಬೆಂಕಿಯ ಹತ್ತಿರ ಮಾತ್ರ ಈ ಕೆಲಸ ಬೇಡ. ಆಮೇಲೆ ಕ್ರ್ಯಾಂಕಿನ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಬೇಕು. ಬಿಗಿಯಿದ್ದರೆ ನಿಲ್ಲಿಸಿ ಮತ್ತೆ ನೆನೆಸಬೇಕು.

ಇನ್ನೊಂದು, ಇದು ಪಾಂಟಿಯಾಕ್‌ನವರಿಗೆಲ್ಲ ಗೊತ್ತಿರುವ ವಿಷಯ. ಆ ಎಂಜಿನ್ನಿನ ಕ್ಯಾಮ್ (ವಾಲ್ವ್ ತೆರೆಯುವ ದಂಡ) ತಿರುಗಿಸುವ ಗೇರಿನ ಹಲ್ಲುಗಳಿಗೆ ಸದ್ದು ಬರದಿರಲಿ ಅಂತ ಕಾರ್ಖಾನೆಯಲ್ಲೇ ನೈಲಾನ್ ಹಾಕಿರುತ್ತಿದ್ದರು. ವಯಸ್ಸಾದ ಮೇಲೆ ಆ ನೈಲಾನ್ ಪುಡಿಯಾಗಿ ಕೆಳಗೆ ಆಯಿಲ್ ಪ್ಯಾನಿಗೆ ಬೀಳುತ್ತೆ, ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ಟಾರ್ಟ್ ಮಾಡಿದ ಮೇಲೆ ಎಣ್ಣೆ ಏರದೆ ಬೇರಿಂಗ್ ಹೋಗುತ್ತೆ. ಹಾಗಾಗಿ ಸ್ಟಾರ್ಟ್ ಮಾಡುವ ಮುಂಚೆ ಮುಂದಿನ ಕವರ್ ತೆಗೆದು ಚೈನು, ಗೇರು ಎರಡನ್ನೂ ಬದಲಿಸಿ, ಪ್ಯಾನ್ ಇಳಿಸಿ ತೊಳೆಯಿರಿ. ಎಣ್ಣೆಯೂ ಸತುವಿನ ಅಂಶ ಹೆಚ್ಚಿರುವುದೇ ಬೇಕು, ಈಗಿನ ಕಾರಿನ ಎಣ್ಣೆಯಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ, ಹಳೇ ಕ್ಯಾಮಿಗೆ ಸಾಲದು.

ಬಾಡಿಯಲ್ಲಿ ತುಕ್ಕು ಹುಡುಕಬೇಕಾದ ಜಾಗ: ಹಿಂದಿನ ಗಾಜಿನ ಸುತ್ತ, ಅಲ್ಲಿಂದ ನೀರಿಳಿಯುವ ಡಿಕ್ಕಿಯ ತಳ, ಹಿಂದಿನ ಚಕ್ರದ ಆಸುಪಾಸಿನ ಫ್ರೇಮು. ಹಿಮ ಕರಗಲಿ ಅಂತ ಮಿಶಿಗನ್ನಿನ ರಸ್ತೆಗೆ ಹಾಕುವ ಉಪ್ಪು ತಿಂದ ಕಾರು ಅದು. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೋ, ಅಂಟದ ಕಡೆ ಬಣ್ಣದಡಿ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ಬ್ರೇಕಿನ ವಿಷಯದಲ್ಲಿ ಮಾತ್ರ ಹಳೆಯದನ್ನು ಉಳಿಸುವ ಮಾತೇ ಬೇಡ, ರಬ್ಬರ್ ಹೋಸು, ಸಿಲಿಂಡರು, ಪೈಪು ಎಲ್ಲ ಹೊಸದು. ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಸುಳಬೇಡ, ಸ್ಟ್ಯಾಂಡ್ ಕೊಟ್ಟ ಮೇಲೇ. ಚಳಿ ಅಂತ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ, ವಿಷಗಾಳಿಗೆ ವಾಸನೆಯಿಲ್ಲ.

ವೀಸಾ. ಎಚ್‌-1ಬಿಯಲ್ಲಿ ನಿನ್ನ ಕಂಪನಿ ಬಿಟ್ಟು ಬೇರೆ ಯಾರಿಂದಲೂ ದುಡಿಮೆಗೆ ಪ್ರತಿಫಲ ತಗೊಳ್ಳುವ ಹಾಗಿಲ್ಲ. ಸ್ನೇಹಕ್ಕೆ ಕೈಜೋಡಿಸುವುದು ಬೇರೆ. ಅವರು ಒಳ್ಳೇ ಮನಸ್ಸಿನಿಂದಲೇ "ಈ ತಿಂಗಳು ಬಾಡಿಗೆಯಲ್ಲಿ ಸ್ವಲ್ಪ ಕಳೀತೀನಿ" ಅನ್ನಬಹುದು. ಅದೂ ಪ್ರತಿಫಲವೇ. ಬೇಡ ಅನ್ನು, ಕಾರಣವನ್ನೂ ಹೇಳು, ಅವರಿಗೆ ಬೇಜಾರಾಗುವುದಿಲ್ಲ. ಸಂಶಯವಿದ್ದರೆ ವಕೀಲರನ್ನು ಕೇಳು. ಊಟ ಕೊಟ್ಟರೆ ಊಟ ಮಾಡು. ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿಬಿಡು, ಕೊನೇ ಗಳಿಗೆಯಲ್ಲಿ ಹೇಳಿದರೆ ಅವರೇ ಪೇಚಾಡ್ತಾರೆ. ಒಂದು ಡಬ್ಬಿ ಚಿತ್ರಾನ್ನ ತಗೊಂಡು ಹೋಗು, ನನ್ನ ಅನುಭವದಲ್ಲಿ ಅದು ಯಾವ ಗ್ಯಾರೇಜಿನಲ್ಲೂ ಉಳಿದಿಲ್ಲ.

ನಮ್ಮವರು ಆಗ್ತಾರಾ ಅಂತ ಕೇಳಿದ್ದೀಯ. ಪಂಪ ಕನ್ನಡ ಕೂಟಕ್ಕೆ ಹೋಗು, ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗು, ಕನ್ನಡ ಮಾತಾಡದಿದ್ದರೆ ಮನಸ್ಸು ಒಣಗುತ್ತೆ, ನನಗೆ ಗೊತ್ತು. ಆದರೆ ಈ ನೆಲದವರು ಹತ್ತಿರವಾಗುವುದು ಎದುರುಬದುರು ಕೂತು ಮಾತಾಡಿ ಅಲ್ಲ, ಪಕ್ಕಪಕ್ಕ ನಿಂತು ಕೆಲಸ ಮಾಡಿ. ಪಕ್ಕದ ಮನೆಯಾಕೆ ಮೊದಲ ವರ್ಷಗಳಲ್ಲಿ ನನ್ನ ಹತ್ತಿರ ಹವಾಮಾನ ಬಿಟ್ಟು ಬೇರೇನೂ ಮಾತಾಡಿದವರಲ್ಲ. ಕಾರ್ಬುರೇಟರ್ ತೊಳೆಯುತ್ತಾ, ನನ್ನ ಮುಖ ನೋಡದೇ, ಅಮ್ಮನ ಕೊನೆಯ ದಿನಗಳನ್ನು ಹೇಳಿದರು. ನಮ್ಮಪ್ಪ ತೀರಿಕೊಂಡಾಗ ನಾನು ಹೊತ್ತಿಗೆ ಸರಿಯಾಗಿ ಊರು ತಲುಪಲಿಲ್ಲ ಅಂತ ನಾನೂ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವರಿಗೇ. ಮುಂದೆ ನಮ್ಮ ಮಗಳಿಗೆ ಜ್ವರ ಬಂದ ರಾತ್ರಿ ನಾನು ಫೋನ್ ಮಾಡಿದ್ದೂ ಅವರಿಗೇ.

ಕಾರಿನ ಕಾಗದಪತ್ರ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿನಲ್ಲಿ (ನಮ್ಮ ಆರ್‌ಟಿಒ ಇದ್ದ ಹಾಗೆ) ಅಪ್ಪನ ಹೆಸರಿಂದ ಮಗನ ಹೆಸರಿಗೆ ಆಗಬೇಕು. ಅವರಿಗೆ ಅಕ್ಕತಂಗಿಯರಿದ್ದರೆ ದುಡ್ಡು ಸುರಿಯುವ ಮುಂಚೆಯೇ ಆ ಮಾತು ಮುಗಿಸಿಕೊಳ್ಳಲಿ. ಅದು ಮನೆಯ ವಿಷಯ, ನೀನು ಒಂದು ಸಲ ನೆನಪಿಸಿ ಸುಮ್ಮನಾಗು. ಹಳೇ ಕಾರಿಗೆ ಕೊಡುವ ಹಿಸ್ಟಾರಿಕ್ ನಂಬರ್ ಪ್ಲೇಟ್ ತಗೊಂಡರೆ ಮೆರವಣಿಗೆ, ಪ್ರದರ್ಶನ, ಕ್ಲಬ್ಬಿನ ಓಡಾಟಕ್ಕೆ ಮಾತ್ರ ಅವಕಾಶ, ಆದರೆ ಆಗಸ್ಟ್ ತಿಂಗಳಿಡೀ ಎಲ್ಲಿಗೆ ಬೇಕಾದರೂ ಓಡಿಸಬಹುದು. ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೀತಿದೆ, ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ತನಕ ರಸ್ತೆಯುದ್ದ ಹಳೇ ಕಾರುಗಳೇ. ಈ ವರ್ಷಕ್ಕೆ ನಿಮ್ಮದು ಸಿದ್ಧವಾಗುವುದಿಲ್ಲ, ಆತುರವೂ ಬೇಡ. ನಾವು ಡಸ್ಟರ್ ಜೊತೆ ಬರ್ಮಿಂಗ್‌ಹ್ಯಾಮ್ ಹತ್ತಿರ ನಿಂತಿರ್ತೀವಿ, ನಿನ್ನ ಮಾಲೀಕರನ್ನು ಕರ್ಕೊಂಡು ಬಾ.

ನೀನು ಊರಿಂದ ತಂದ 10-11, 12-13ರ ಪಾನಾಗಳು ಈ ಕಾರಿಗೆ ಆಗುವುದಿಲ್ಲ, ಎಲ್ಲ ಅಂಗುಲದ ಲೆಕ್ಕ, ಅರ್ಧ ಅಂಗುಲ, 9/16 ಹೀಗೆ. ಅವರ ಹತ್ತಿರ ಇದ್ದೇ ಇರುತ್ತೆ. ಸಿಲಿಂಡರಿನೊಳಗೆ ನೋಡುವ ಬೋರ್‌ಸ್ಕೋಪ್ ಇಲ್ಲದಿದ್ದರೆ ನಮ್ಮ ಮನೆಯಲ್ಲಿದೆ. ಶುಕ್ರವಾರ ಸಂಜೆ ಬಂದು ತಗೊಂಡು ಹೋಗು, ಊಟ ಇಲ್ಲೇ ಮಾಡುವಂತೆ.