ಸ್ವೀಡನ್ನಿನ ಗಾಸ್ಕ್ ಊಟಕ್ಕೆ ಹೋಗುದಾ, ಬೇಡ್ವಾ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲೆ ಉಂಟು, ಸ್ವೀಡನ್ನಿನ ಯೂನಿವರ್ಸಿಟಿ ಹುಡುಗ್ರು ಇಡುವ ಗಾಸ್ಕ್ ಅನ್ನುವ ದೊಡ್ಡ ಊಟ, ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದನ್ನೇ ತಗೊಂಡಿದ್ದೇನೆ. ನಾನೂ ಉಪ್ಸಾಲಾದಲ್ಲಿ ಒಂದು ವರ್ಷ ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಇದ್ದವಳು, ಕೇಳಿ ಹೇಳುದಲ್ಲ, ಕೂತು ಉಂಡು ಹೇಳುದು.

ಪ್ರಶ್ನೆ: ಅಕ್ಕ, ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಮಾಡ್ತಾ ಇರುವವಳು, ಒಂದು ಸೆಮಿಸ್ಟರಿಗೆ ಉಪ್ಸಾಲಾಕ್ಕೆ ಬಂದಿದ್ದೇನೆ. ಹಾಸ್ಟೆಲ್ ಕಾರಿಡಾರಿನವರೆಲ್ಲ ರೆಸ್ಸೆ ಗಾಸ್ಕ್ ಅಂತ ಒಂದು ಊಟಕ್ಕೆ ಟಿಕೆಟ್ ತಗೋ ತಗೋ ಅಂತ ಹಿಂದೆ ಬಿದ್ದಿದ್ದಾರೆ. ಮೂರು ನಾಲ್ಕು ಗಂಟೆ ಕೂರ್ಬೇಕಂತೆ, ಮಧ್ಯದಲ್ಲಿ ಏಳ್ಲಿಕ್ಕಿಲ್ಲ ಅಂತೆ, ಸ್ವೀಡಿಶಲ್ಲಿ ಹಾಡ್ಬೇಕಂತೆ. ನಾನು ಕುಡಿಯುದಿಲ್ಲ, ಮೀನು ಮಾಂಸ ತಿನ್ನುದಿಲ್ಲ, ಭಾಷೆ ಬರುದಿಲ್ಲ. ಹೋಗಿ ಒಂದು ಮೂಲೆಯಲ್ಲಿ ಎಂತ ಮಾಡುದು ನಾನು?
— ಹೆಸರು ಬೇಡ, ಉಡುಪಿ

ಹೋಗು ಮಾರಾಯ್ತಿ. ಯೋಚನೆ ಮಾಡ್ತಾ ಕೂತ್ರೆ ಟಿಕೆಟ್ ಖಾಲಿ ಆಗ್ತದೆ. ಅದೂ ನಿನ್ನದು ರೆಸ್ಸೆ ಗಾಸ್ಕ್, ಅಂದ್ರೆ ಹೊಸಬರನ್ನು ಸ್ವಾಗತ ಮಾಡ್ಲಿಕ್ಕೇ ಇಡುವ ಊಟ, ಅಲ್ಲಿ ಬಂದವರಲ್ಲಿ ಎಷ್ಟೋ ಜನಕ್ಕೆ ನಿನ್ನ ಹಾಗೇ ಎಂತದೂ ಗೊತ್ತಿರುದಿಲ್ಲ.

ಊರಲ್ಲಿ ಓದುವವರಿಗೂ ಅರ್ಥ ಆಗ್ಲಿ ಅಂತ ಸ್ವಲ್ಪ ಹಿಂದಿನಿಂದ ಹೇಳ್ತೇನೆ. ಉಪ್ಸಾಲಾ ಯೂನಿವರ್ಸಿಟಿ ಶುರುವಾದ್ದು 1477ರಲ್ಲಿ, ದಕ್ಷಿಣದ ಲುಂಡ್‌ನದ್ದು 1666ರಲ್ಲಿ, ಎರಡೂ ಊರಲ್ಲಿ 13-13 ನೇಶನ್ ಉಂಟು. ನೇಶನ್ ಅಂದ್ರೆ ಇಲ್ಲಿ ದೇಶ ಅಲ್ಲ, ಆಯಾ ಸೀಮೆಯಿಂದ ಓದ್ಲಿಕ್ಕೆ ಬಂದ ಹುಡುಗ್ರು ಕಟ್ಟಿಕೊಂಡ ಸಂಘ, ಸ್ಮೋಲಾಂಡಿನವರದ್ದು ಒಂದು, ಗೋಟ್ಲಾಂಡಿನವರದ್ದು ಒಂದು, ಮುಂಬೈಗೆ ಹೋದ ನಮ್ಮ ಕರಾವಳಿಯವರು ಊರಿನ ಹೆಸರಲ್ಲಿ ಸಂಘ ಮಾಡ್ಕೊಂಡ್ರಲ್ಲ, ಹಾಗೆ. 2010ರ ವರೆಗೆ ಸೇರುದು ಕಡ್ಡಾಯ ಇತ್ತು, ಈಗ ಇಲ್ಲ, ಯಾವ ಊರಿನವರು ಯಾವ ನೇಶನ್ನಿಗೂ ಸೇರಬಹುದು. ಅಡುಗೆ ಮಾಡುದು, ಬಡಿಸುದು, ಪಾತ್ರೆ ತೊಳೆಯುದು ಎಲ್ಲ ವಿದ್ಯಾರ್ಥಿಗಳೇ. ಇವರು ಇಡುವ ದೊಡ್ಡ ಊಟಕ್ಕೆ ಉಪ್ಸಾಲಾದಲ್ಲಿ ಗಾಸ್ಕ್ ಅಂತಾರೆ, ಲುಂಡ್‌ನಲ್ಲೆಲ್ಲ ಸಿಟ್ನಿಂಗ್ ಅಂತಾರೆ, ಸಿಟ್ನಿಂಗ್ ಅಂದ್ರೆ ಕೂತ್ಕೊಳ್ಳುದು, ಅಷ್ಟೇ ಅರ್ಥ.

ನೀನು ಉಡುಪಿಯವಳು, ಪಂಕ್ತಿ ಊಟ ನೋಡದವಳಲ್ಲ. ಎಲ್ಲರ ಎಲೆಗೂ ಬೀಳುವ ವರೆಗೆ ಕೈ ಹಾಕ್ಲಿಕ್ಕಿಲ್ಲ, ಪಂಕ್ತಿ ಏಳುವ ಮೊದಲು ಏಳ್ಲಿಕ್ಕಿಲ್ಲ, ಮಧ್ಯದಲ್ಲಿ ಒಬ್ಬರು ಗಂಟಲು ಸರಿ ಮಾಡ್ಕೊಂಡು ಚೂರ್ಣಿಕೆ ಹೇಳ್ತಾರೆ, ಅದು ಮುಗಿಯುವಾಗ ಇಡೀ ಸಾಲು ಒಟ್ಟಿಗೆ ಗೋವಿಂದ ಅಂತಲೋ ಹರಹರ ಮಹಾದೇವ ಅಂತಲೋ ಕೂಗ್ತದೆ. ಗಾಸ್ಕಲ್ಲಿ ಕೂತಾಗ ನನಗೆ ಮೊದಲು ನೆನಪಾದದ್ದು ಅದೇ. ಚೂರ್ಣಿಕೆಯ ಜಾಗದಲ್ಲಿ ಹಾಡು, ಅಷ್ಟೇ ವ್ಯತ್ಯಾಸ. ಟೋಸ್ಟ್‌ಮಾಸ್ಟರ್ ಅಂತ ಇರ್ತಾರೆ, ಇಡೀ ಊಟ ಅವರ ಮಾತಿನ ಮೇಲೆ ನಡೆಯುದು, ಅವರು ಹೇಳಿದಾಗ ಹಾಡು, ಹೇಳಿದಾಗ ಭಾಷಣ, ಒಂದು ಹಾಡು ಮುಗಿದು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಇನ್ನೊಂದು ಹಾಡು. ಮೂರು ಬಗೆ ತಿನ್ನಲಿಕ್ಕೆ ಅಷ್ಟು ಹೊತ್ತು ಯಾಕೆ ಬೇಕು ಅಂತ ಈಗ ಗೊತ್ತಾಯ್ತಲ್ಲ.

ನನ್ನ ಮೊದಲ ಗಾಸ್ಕ್‌ನದ್ದು ಒಂದು ಚಿತ್ರ ಈಗಲೂ ಕಣ್ಣ ಮುಂದೆ ಉಂಟು. ಉದ್ದ ಮೇಜು, ಕ್ಯಾಂಡಲ್ ಬೆಳಕು, ಪ್ರತಿ ತಟ್ಟೆಯ ಹತ್ರ ಒಂದು ಸಣ್ಣ ಹಾಡಿನ ಪುಸ್ತಕ. ನನ್ನ ಎಡಗಡೆ ಕೂತ ಹುಡುಗಿ ಅಷ್ಟು ಹೊತ್ತು ನನ್ನ ಹತ್ರ ಎರಡು ಮಾತೂ ಆಡಿರ್ಲಿಲ್ಲ, ಸ್ವೀಡಿಶರು ಹಾಗೇ, ಗುರ್ತ ಇಲ್ಲದವರ ಹತ್ರ ಮಾತು ಕಡಿಮೆ. ಹಾಡು ಶುರುವಾದ ಕೂಡ್ಲೇ ಅವಳು ತನ್ನ ಪುಸ್ತಕ ಬಿಟ್ಟು ನನ್ನ ಪುಸ್ತಕದ ಮೇಲೆ ಬೆರಳಿಟ್ಟು, ಈಗ ಈ ಶಬ್ದ, ಈಗ ಈ ಶಬ್ದ ಅಂತ ಸಾಲಿನ ಕೆಳಗೆ ಬೆರಳು ಓಡಿಸ್ತಾ ಹೋದ್ಲು, ಬಾಯಲ್ಲಿ ಹಾಡ್ತಾನೇ ಇದ್ಳು. ಎಲ್‌ಕೆಜಿ ಮಕ್ಕಳಿಗೆ ಓದಿಸಿದ ಹಾಗೆ. ಎರಡನೇ ಹಾಡಿಗೆ ನಾನು ಅರ್ಧ ಅರ್ಧ ಹೇಳ್ತಿದ್ದೆ, ಮೂರನೇದಕ್ಕೆ ಸ್ವರ ಏರಿಸಿದ್ದೆ. ಆ ಹುಡುಗಿ ವರ್ಷ ಇಡೀ ನನ್ನ ಫ್ರೆಂಡ್ ಆಗಿದ್ಲು. ಹಾಡು ಬಂದ್ರೆ ಭಾಷೆ ಬರದಿದ್ರೂ ಆ ಮೇಜಿನಲ್ಲಿ ನಿನಗೆ ಜಾಗ ಉಂಟು, ನಾನು ನಿನಗೆ ಹೇಳುದು ಇಷ್ಟೇ. ಹೋಗುವ ಮೊದಲು ಎರಡು ಹಾಡು ಯಾರ ಹತ್ರ ಆದ್ರೂ ಕೇಳಿ ಕಲಿ. ಒಂದು ಹೆಲಾನ್ ಗೋರ್, ಮೊದಲ ಸ್ನಪ್ಸ್ ಗ್ಲಾಸಿನದ್ದು (ಸ್ನಪ್ಸ್ ಅಂದ್ರೆ ಊಟದ ಒಟ್ಟಿಗೆ ಸಣ್ಣ ಗ್ಲಾಸಲ್ಲಿ ಕುಡಿಯುವ ಖಡಕ್ ಮದ್ಯ), ಸ್ವೀಡನ್ನಲ್ಲಿ ಅದು ಬಾಯಿಪಾಠ ಇಲ್ಲದವರು ಸಿಗುದು ಕಷ್ಟ. ಮೊದಲ ಗ್ಲಾಸಿಗೆ ಹೆಲಾನ್, ಎರಡನೇದಕ್ಕೆ ಹಾಲ್ವಾನ್, ಪೂರ್ತಿ ಮತ್ತೆ ಅರ್ಧ ಅಂತ ಹೆಸರು. ಇನ್ನೊಂದು, ಊಟದ ಕೊನೆಗೆ ಹಾಡುವ ಹಾಡು, ಅದ್ರ ವಿಷಯ ಕೆಳಗೆ ಬರ್ತದೆ.

ಕುಡಿಯುದಿಲ್ಲ ಅನ್ನುದು ದೊಡ್ಡ ಸಮಸ್ಯೆ ಅಲ್ಲ. ಟಿಕೆಟ್ ಫಾರ್ಮಲ್ಲೇ ಆಲ್ಕೋಹಾಲ್ ಬೇಕಾ ಬೇಡ್ವಾ ಅಂತ ಕೇಳ್ತಾರೆ, ಬೇಡ ಅಂತ ಹಾಕು, ಸ್ನಪ್ಸಿನ ಹೊತ್ತಿಗೆ ನಿನಗೆ ಬೇರೆ ಎಂತದಾದ್ರೂ ಕೊಡ್ತಾರೆ. ಗ್ಲಾಸ್ ಎತ್ತುದು ಮುಖ್ಯ, ಒಳಗೆ ಎಂತ ಉಂಟು ಅಂತ ನನ್ನ ಹತ್ರ ಒಬ್ಬರೂ ಕೇಳಿದ್ದಿಲ್ಲ. ಸ್ಕೋಲ್, ಅಂದ್ರೆ ಚಿಯರ್ಸ್, ಅಂತ ಹೇಳಿದ ಕೂಡ್ಲೇ ಕುಡಿಯುವ ಹಾಗಿಲ್ಲ: ಗ್ಲಾಸ್ ಎತ್ತಿ ಒಂದು ಪಕ್ಕದವರ ಕಣ್ಣು ನೋಡ್ಬೇಕು, ಇನ್ನೊಂದು ಪಕ್ಕದವರದ್ದು, ಎದುರಿನವರದ್ದು, ಮತ್ತೆ ಒಂದು ಗುಟುಕು, ಕೆಳಗಿಡುವ ಮೊದಲು ಪುನಃ ಕಣ್ಣು ನೋಡ್ಬೇಕು. ಗ್ಲಾಸಿಗೆ ಗ್ಲಾಸ್ ತಾಗಿಸುದಲ್ಲ. ಯಾರ ಕಡೆ ಮೊದಲು ತಿರುಗುದು ಅನ್ನುದು ಕಡೆಯಿಂದ ಕಡೆಗೆ ಬದಲಾಗ್ತದೆ, ಪಕ್ಕದವರನ್ನು ನೋಡಿ ಮಾಡು. ನಮಗೆ ಗುರ್ತ ಇಲ್ಲದವರ ಕಣ್ಣಲ್ಲಿ ಕಣ್ಣಿಟ್ಟು ಅಭ್ಯಾಸ ಇಲ್ಲ, ಮೊದಲ ಎರಡು ಸಲ ಮುಜುಗರ ಆಗ್ತದೆ, ಆಮೇಲೆ ಖುಷಿ ಆಗ್ತದೆ.

ಊಟದ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಒಂದು ಊಟಕ್ಕೆ ನಾನು ಫಾರ್ಮಲ್ಲಿ ವೆಜಿಟೇರಿಯನ್ ಅಂತ ಹಾಕಿದ್ದೆ, ಅಲ್ಲಿ ಲಿಸ್ಟ್ ಮಾಡುವಾಗ ಎಲ್ಲೋ ತಪ್ಪಿ ನನ್ನ ತಟ್ಟೆಗೆ ಸಾಲ್ಮನ್ ಮೀನು ಬಂತು, ಹೇಳ್ಲಿಕ್ಕೆ ಸಂಕೋಚ ಆಗಿ ಬರೀ ಬ್ರೆಡ್ ಬೆಣ್ಣೆ ತಿಂದು ಬಂದೆ, ರೂಮಿಗೆ ಬಂದು ರಾತ್ರಿ ಗಂಜಿ ಬೇಯಿಸಿದೆ. ನೀನು ಹಾಗೆ ಮಾಡ್ಬೇಡ. ಬಡಿಸುವವರು ನಿನ್ನ ವಯಸ್ಸಿನ ಹುಡುಗ್ರೇ, ಕೈ ಎತ್ತಿ ಹೇಳು, ಒಳಗೆ ಹೋಗಿ ತಂದು ಕೊಡ್ತಾರೆ. ಏಳ್ಲಿಕ್ಕಿಲ್ಲ ಅನ್ನುದು ನಿಜ, ಆದ್ರೆ ನಡುವೆ ಬ್ರೇಕ್ ಕೊಡ್ತಾರೆ, ಬಾತ್‌ರೂಮಿಗೆ ಆಗ ಹೋಗ್ಲಿಕ್ಕೆ, ಹೊರಡುವ ಮೊದಲೂ ಒಮ್ಮೆ ಹೋಗಿ ಬಾ. ಮತ್ತೆ ಟೈಮಿನ ಎದುರು ಡಿ.ಕೆ. ಅಂತ ಬರೆದಿದ್ರೆ ಅರ್ಧ ಗಂಟೆ ಸೇರಿಸಿ ಓದ್ಲಿಕ್ಕೆ, 18 ಡಿ.ಕೆ. ಅಂದ್ರೆ ಆರೂವರೆ, ಆದ್ರೆ ಆ ಆರೂವರೆ ಅಂದ್ರೆ ಆರೂವರೆಯೇ, ನಮ್ಮೂರ ಮದುವೆ ಟೈಮ್ ಅಲ್ಲ.

ಪ್ರಶ್ನೆ: ಮಗಳು ಲುಂಡ್‌ನಿಂದ ಫೋಟೋ ಕಳಿಸಿದ್ಲು. ಎಲ್ಲರ ಕೈಯಲ್ಲೂ ಗ್ಲಾಸ್, ಒಂದು ಫೋಟೋದಲ್ಲಿ ಅಷ್ಟೂ ಮಕ್ಕಳು ಕುರ್ಚಿ ಮೇಲೆ ಹತ್ತಿ ನಿಂತಿದ್ದಾರೆ, ಇವಳೂ ಇದ್ದಾಳೆ. ಇವರಪ್ಪ ನೋಡಿದ್ರೆ ವಾಪಸ್ ಬಾ ಅಂತಾರೆ. ಇದು ಓದುವವರು ಮಾಡುವ ಕೆಲಸವಾ?
— ಒಬ್ಬ ತಾಯಿ, ಕದ್ರಿ, ಮಂಗಳೂರು

ಅಮ್ಮ, ಕುರ್ಚಿ ಹತ್ತಿದ್ದು ಅಮಲಲ್ಲಿ ಅಲ್ಲ, ಅದು ಪದ್ಧತಿ. ಊಟದ ಕೊನೆಗೆ ಒಂದು ಹಾಡು ಉಂಟು, ಮೂಲದಲ್ಲಿ ಜರ್ಮನ್ ಹಾಡು, ಕಳೆದುಹೋದ ಓದಿನ ದಿನಗಳನ್ನು ನೆನೆಯುವಂಥದ್ದು, ಅದನ್ನು ಎಲ್ಲರೂ ಕುರ್ಚಿ ಮೇಲೆ ನಿಂತು ಹಾಡ್ತಾರೆ, ಹಾಡಿ ಇಳಿದ ಮೇಲೆ ಪುನಃ ಕೂರ್ಲಿಕ್ಕಿಲ್ಲ. ನಮ್ಮಲ್ಲಿ ಮಂಗಳ ಹಾಡಿದ್ರೆ ಯಕ್ಷಗಾನದ ಆಟ ಮುಗೀತು ಅಂತ ಅಲ್ವಾ, ಹಾಗೇ ಅಂತ ಇಟ್ಕೊಳ್ಳಿ. ಅಪ್ಪನಿಗೂ ಹೀಗೇ ಹೇಳಿ.

ಆದ್ರೆ ಸುಳ್ಳು ಹೇಳುದಿಲ್ಲ, ಅಲ್ಲಿ ಕುಡಿಯುದು ಉಂಟು, ಕೆಲವರಿಗೆ ಜಾಸ್ತಿಯೇ ಆಗ್ತದೆ. ನಿಮ್ಮ ಹೆದರಿಕೆ ತಪ್ಪಲ್ಲ. ಮಗಳ ಹತ್ರ ಜೋರು ಮಾಡುದಕ್ಕಿಂತ ಎರಡು ವಿಷಯ ಕೇಳಿ, ವಾಪಸ್ ಯಾರ ಒಟ್ಟಿಗೆ ಬರ್ತಿ ಅಂತ, ಮತ್ತೆ ಫೋನಲ್ಲಿ ಚಾರ್ಜ್ ಉಂಟಾ ಅಂತ. ಡಿಸೆಂಬರಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಕತ್ತಲೆ, ರಾತ್ರಿ ರಸ್ತೆ ಮೇಲೆ ಐಸ್ ಇರ್ತದೆ, ಒಬ್ಬಳೇ ಸೈಕಲಲ್ಲಿ ಬರುದು ಬೇಡ. ತುರ್ತಿಗೆ ಅಲ್ಲಿಯೂ ನಂಬರ್ 112. ಇಷ್ಟು ಕೇಳಿದ ಮೇಲೆ ಯಾವ ಹಾಡು ಹಾಡಿದ್ದು ಅಂತಲೂ ಕೇಳಿ, ಅವಳು ಒಂದು ಗಂಟೆ ಹೇಳ್ತಾಳೆ ನೋಡಿ.

ಪ್ರಶ್ನೆ: ನನ್ನ ಇನ್ವಿಟೇಶನಲ್ಲಿ ಡ್ರೆಸ್ ಕೋಡ್ ಫ್ರಾಕ್ ಅಂತ ಉಂಟು. ಬಾಡಿಗೆಗೂ ತುಂಬ ದುಡ್ಡು ಹೇಳ್ತಾರೆ, ಟಿಕೆಟ್ಟೇ ಕೈ ಸುಡ್ತಾ ಉಂಟು. ಬಿಡುದಾ?
— ಸುರತ್ಕಲ್ ಹುಡುಗ

ಬಿಡ್ಬೇಡ ತಮ್ಮ. ಫ್ರಾಕ್ ಅಂದ್ರೆ ಹಿಂದೆ ಬಾಲ ಇರುವ ಕಪ್ಪು ಕೋಟು, ಬಿಳಿ ಬೋ, ನೊಬೆಲ್ ಊಟಕ್ಕೆ ಹಾಕುವಂಥದ್ದು. ಆದ್ರೆ ಅದ್ರ ಬದಲಿಗೆ ತಮ್ಮ ತಮ್ಮ ಊರಿನ ಸಾಂಪ್ರದಾಯಿಕ ಉಡುಪು ನಡೀತದೆ, ಸ್ವೀಡಿಶರೇ ತಮ್ಮ ಸೀಮೆಯ ಹಳೆ ಜಾನಪದ ಬಟ್ಟೆ ಹಾಕಿ ಬರ್ತಾರೆ. ಹಾಗಾಗಿ ಜರಿ ಅಂಚಿನ ಪಂಚೆ ಶಲ್ಯ, ಇಲ್ಲಾ ಒಂದು ಒಳ್ಳೆ ಬಂದ್‌ಗಲಾ ಸಾಕು, ಪಂಚೆ ಆದ್ರೆ ಹೋಗುವ ದಾರಿಗೆ ಒಳಗೆ ಥರ್ಮಲ್ ಹಾಕು. ಹುಡುಗಿಯರಿಗೆ ಆ ದಿನ ನೆಲ ಮುಟ್ಟುವ ಉದ್ದದ ಡ್ರೆಸ್ ಬೇಕು, ನಮ್ಮ ಸೀರೆಗಿಂತ ಬೇರೆ ಬೇಕಾ. ಕುರ್ಚಿ ಹತ್ಲಿಕ್ಕೆ ಉಂಟು, ನೆರಿಗೆಗೆ ಎರಡು ಪಿನ್ ಜಾಸ್ತಿ ಹಾಕಿ.

ದುಡ್ಡಿಗೆ ಒಂದು ದಾರಿ ಉಂಟು. ನೇಶನ್ನಲ್ಲಿ ಅಡುಗೆಗೆ, ಬಡಿಸ್ಲಿಕ್ಕೆ ಯಾವಾಗಲೂ ಜನ ಬೇಕು. ಎರಡು ಮೂರು ಸಲ ಹೆಸರು ಕೊಡು, ಕೆಲಸ ಮಾಡಿದವರಿಗೆ ಥ್ಯಾಂಕ್ಸ್ ಅಂತ ಬೇರೆಯೇ ಒಂದು ಪಾರ್ಟಿ ಇಡ್ತಾರೆ. ನಾನು ಒಂದಿಡೀ ಸಂಜೆ ಬಟಾಟೆ ಸಿಪ್ಪೆ ತೆಗೆದಿದ್ದೇನೆ, ಕ್ಲಾಸಲ್ಲಿ ಮೂರು ತಿಂಗಳಲ್ಲಿ ಆಗದ ಗುರ್ತ ಆ ಅಡುಗೆಮನೆಯಲ್ಲಿ ಆಯ್ತು.

ಪ್ರಶ್ನೆ: ಮೊಮ್ಮಗ ಅಲ್ಲಿ ಊಟದ ಕೊನೆಗೆ ಪುನ್ಶ್ ಅಂತ ಕೊಡ್ತಾರೆ, ಅದಕ್ಕೆ ಅರಾಕ್ ಹಾಕ್ತಾರೆ ಅಂದ. ನಮ್ಮ ಅರಾಕೇ ಅದು? ಸ್ವೀಡನ್ನಿಗೆ ಹೇಗೆ ಹೋಯಿತು?
— ನಿವೃತ್ತ ಅಧ್ಯಾಪಕರು, ಕಾರ್ಕಳ

ಸರ್, ಹೆಸರು ಒಂದೇ, ಸರಕು ಬೇರೆ. ಇಲ್ಲಿ 2007ರಲ್ಲಿ ಸರ್ಕಾರ ನಿಲ್ಲಿಸಿದ ಸಾರಾಯಿ ಅಲ್ಲ ಅದು, ಜಾವಾ ದ್ವೀಪದ ಬಟಾವಿಯಾ ಅರಾಕ್. ಕಬ್ಬಿನ ಕಾಕಂಬಿ ಹುಳಿ ಬರಿಸ್ಲಿಕ್ಕೆ ಕೆಂಪಕ್ಕಿ ಸೇರಿಸಿ ಇಳಿಸುದು. ಬಟಾವಿಯಾ ಅಂದ್ರೆ ಈಗಿನ ಜಕಾರ್ತಾ. 1731ರಲ್ಲಿ ಗೋಥೆನ್‌ಬರ್ಗಲ್ಲಿ ಸ್ವೀಡಿಶರದ್ದೇ ಒಂದು ಈಸ್ಟ್ ಇಂಡಿಯಾ ಕಂಪೆನಿ ಶುರುವಾಯ್ತು, ಚಹಾ, ರೇಷ್ಮೆ, ಪಿಂಗಾಣಿಯ ಹಡಗುಗಳಲ್ಲಿ ಅರಾಕೂ ಹೋಯ್ತು, ಅದಕ್ಕೆ ಸಕ್ಕರೆ ಹಾಕಿ ಪುನ್ಶ್ ಮಾಡಿದ್ರು, ಹತ್ತೊಂಬತ್ತನೇ ಶತಮಾನದ ವಿದ್ಯಾರ್ಥಿಗಳಿಗಂತೂ ಅದಿಲ್ಲದೆ ಸಂಜೆ ಇರ್ಲಿಲ್ಲ. ಪುನ್ಶ್, ಇಂಗ್ಲಿಷಲ್ಲಿ ಪಂಚ್, ಆ ಶಬ್ದ ನಮ್ಮ ಪಂಚ, ಐದು, ಅದ್ರಿಂದ ಬಂದದ್ದು ಅಂತ ಹೇಳ್ತಾರೆ, ಐದು ಬಗೆ ಸೇರಿಸಿ ಮಾಡುದಕ್ಕೆ. ಈಗಲೂ ಸ್ವೀಡನ್ನಲ್ಲಿ ಗುರುವಾರ ಹಳದಿ ಬಟಾಣಿ ಸೂಪ್ ಮಾಡ್ತಾರೆ, ಅದ್ರ ಒಟ್ಟಿಗೆ ಬಿಸಿ ಪುನ್ಶ್ ಕುಡಿಯುವವರಿದ್ದಾರೆ. ಮೊಮ್ಮಗ ವೆಜ್ ಆದ್ರೆ ಹೇಳಿಡಿ, ಆ ಸೂಪಿಗೆ ಹಂದಿ ಮಾಂಸ ಹಾಕ್ತಾರೆ. ನಾನು ಕುಡಿದವಳಲ್ಲ, ಆದ್ರೆ ಪಕ್ಕದವರ ಸಣ್ಣ ಗ್ಲಾಸನ್ನು ಮೂಗಿನ ಹತ್ರ ತಂದು ನೋಡಿದ್ದೇನೆ, ಆಲೆಮನೆಯಲ್ಲಿ ಬೆಲ್ಲದ ಪಾಕ ತಳ ಹಿಡಿಯುವಾಗ ಬರ್ತದಲ್ಲ, ಆ ಪರಿಮಳ.