ಬೆಳಿಗ್ಗೆ ಹತ್ತಿ ಆಮೇಲೆ ಆರುವ ಟೈರ್ ದೀಪ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟ. ಡಿಸೆಂಬರ್ ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಕಾರು ತೆಗೆದರೆ ಟೈರ್ ಗಾಳಿಯ ಹಳದಿ ದೀಪ ಹತ್ತುತ್ತದೆ. ಹಾಸನದ ಕಡೆ ಇಪ್ಪತ್ತು ನಿಮಿಷ ಓಡಿಸುವಷ್ಟರಲ್ಲಿ ತಾನಾಗಿ ಆರುತ್ತದೆ. ಹೋದ ತಿಂಗಳು ಬೆಂಗಳೂರಿನಿಂದ ಬರುವಾಗ ಬಂಕ್‌ನಲ್ಲಿ ನಾಲ್ಕಕ್ಕೂ 33 ಹೊಡೆಸಿದ್ದೆ. ‘ಸೆನ್ಸರ್ ಕೆಟ್ಟಿರಬೇಕು, ಬಿಡಿ ಸಾರ್’ ಅಂತಾರೆ ಗ್ಯಾರೇಜಿನವರು. ಬಿಟ್ಟುಬಿಡಲೇ?

ಉತ್ತರ: ದಯವಿಟ್ಟು ಬಿಡಬೇಡಿ. ಸೆನ್ಸರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಸ್ಟಾರ್ಟ್ ಮಾಡಿದಾಗ ದೀಪ ಒಂದು ನಿಮಿಷದಷ್ಟು ಹೊತ್ತು ಮಿಣುಕಿ, ಆಮೇಲೆ ಹತ್ತಿಕೊಂಡೇ ಇರುತ್ತದೆ. ನಿಮ್ಮದು ಆರುತ್ತಿದೆ. ಅಂದರೆ ಕಡಿಮೆಯಾಗಿರುವುದು ಗಾಳಿಯೇ.

ಹೇಗೆ ಅಂತ ಲೆಕ್ಕ ಹಾಕಿ ನೋಡಿ. ಹೈವೇಯಲ್ಲಿ ಓಡಿ ಬಂದ ಟೈರ್ ಮುಟ್ಟಿದರೆ ಬಿಸಿ ಇರುತ್ತದೆ. ಒಳಗಿನ ಒತ್ತಡ 3–4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಬಂಕ್‌ನಲ್ಲಿ ಹೇಳುವ 33 ಇದೇ) ಏರಿರುತ್ತದೆ. ಆ ಹೊತ್ತಿನಲ್ಲಿ ಗೇಜ್ ತೋರಿಸಿದ 33, ಟೈರ್ ತಣ್ಣಗಾದ ಮೇಲೆ 29–30 ಅಷ್ಟೆ. ಹವೆ 5–6 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಕಳೆಯುತ್ತದೆ. ನಿಮ್ಮ ಕಡೆ ಮಧ್ಯಾಹ್ನಕ್ಕೂ ಮುಂಜಾನೆಗೂ ಹತ್ತು ಡಿಗ್ರಿಗಿಂತ ಹೆಚ್ಚೇ ವ್ಯತ್ಯಾಸ, ಅಲ್ಲಿ ಇನ್ನೆರಡು ಹೋಯಿತು. ಒಳ್ಳೆಯ ಟೈರ್ ಕೂಡ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ತಾನಾಗಿ ಕಳೆದುಕೊಳ್ಳುತ್ತದೆ. ಎಲ್ಲ ಸೇರಿ ಬೆಳಗಿನ ಹೊತ್ತು 26ರ ಹತ್ತಿರ ಬಂದಿದೆ. ಬಹಳಷ್ಟು ಕಾರುಗಳಲ್ಲಿ ಇರಬೇಕಾದ್ದಕ್ಕಿಂತ ಶೇ. 20–25ರಷ್ಟು ಇಳಿದಾಗ ದೀಪ ಹತ್ತುತ್ತದೆ. ಓಡಿಸಿದ ಮೇಲೆ ಟೈರ್ ಕಾದು ಒತ್ತಡ ಏರುವುದರಿಂದ ಆರುತ್ತದೆ. ಗಾಳಿ ಮಾತ್ರ ಅಷ್ಟೇ ಇರುತ್ತದೆ.

ನನಗೆ ಆತಂಕ ಆಗುವುದು ಇಲ್ಲೇ. ಗಾಳಿ ಕಡಿಮೆ ಇರುವ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಕಾಯುತ್ತದೆ. ಮನೆಮಂದಿಯೆಲ್ಲ ಕೂತು, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ವೇಗವಾಗಿ ಹೋಗುವಾಗ ಟೈರ್ ಸಿಡಿಯುವುದು ಹೀಗೆ.

ಒಂದು ಸಣ್ಣ ಗೇಜ್ ಕೊಂಡುಕೊಳ್ಳಿ. ಕಾರು ಕನಿಷ್ಠ ಮೂರು ಗಂಟೆ ನಿಂತಿದ್ದಾಗ, ಬೆಳಿಗ್ಗೆಯಾದರೆ ಇನ್ನೂ ಒಳ್ಳೆಯದು, ಅಳೆಯಿರಿ. ಎಷ್ಟು ಇರಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್‌ನಲ್ಲಿದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ತಣ್ಣಗಿದ್ದಾಗ 33 ತುಂಬಿಸಿದ್ದು ಆಮೇಲೆ ಓಡಿಸುವಾಗ 36–37 ತೋರಿಸಿದರೆ ಗಾಬರಿಯಾಗಿ ಗಾಳಿ ಬಿಡಲೂಬೇಡಿ. ಸ್ಟೆಪ್ನಿಗೂ ಹೊಡೆಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ರೀಸೆಟ್ ಬಟನ್ ಇರುವ ಕಾರಾದರೆ ಗಾಳಿ ಸರಿಮಾಡಿದ ಮೇಲೆ ಮಾತ್ರ ಒತ್ತಿ.

ಒಂದು ವಾರ ಬಿಟ್ಟು ಮತ್ತೆ ಬೆಳಿಗ್ಗೆ ಅಳೆಯಿರಿ. ನಾಲ್ಕೂ ಸಮನಾಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಮೂರು ನಾಲ್ಕು ಇಳಿದಿದ್ದರೆ ಆ ವಾಲ್ವ್‌ನ ಮುಚ್ಚಳ ತೆಗೆದು, ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ. ಗುಳ್ಳೆ ಎದ್ದರೆ ಒಳಗಿನ ಪಿನ್ ಬದಲಿಸಿದರೆ ಸಾಕು, ಕಡಿಮೆ ಖರ್ಚಿನ ಕೆಲಸ. ಏಳದಿದ್ದರೆ ಎಲ್ಲೋ ಮೊಳೆ ಕೂತಿರಬಹುದು. ಅದನ್ನು ನೀವು ಕೀಳಬೇಡಿ, ಗಾಳಿ ಹೊಡೆಸಿಕೊಂಡು ನೇರ ಪಂಕ್ಚರ್ ಅಂಗಡಿಗೆ ಹೋಗಿ.